ಎರಡು ರಾಜ್ಯಕ್ಕೆ ಒಬ್ಬರೇ ರಾಜ್ಯಪಾಲರು

ನಮ್ಮ ಹೊಸಪೇಟೆ ಸೀಮೆಯವರಿಗೆ ರಾಜ್ಯ ಒಡೆಯುವುದೆಂದರೆ ಬರೀ ಪುಸ್ತಕದ ಮಾತಲ್ಲ. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಆಂಧ್ರ ಬೇರೆಯಾದಾಗ ನಮ್ಮ ಬಳ್ಳಾರಿ ಜಿಲ್ಲೆಯನ್ನೂ ಹಂಚಿದರು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಹೊಸಪೇಟೆ, ಸಂಡೂರು ಸೇರಿ ಏಳು ತಾಲ್ಲೂಕು ಮೈಸೂರಿಗೆ ಬಂದವು. ಕಂಪ್ಲಿ ಆಗ ಹೊಸಪೇಟೆ ತಾಲ್ಲೂಕಿನೊಳಗೇ ಇತ್ತು. ನಮ್ಮಜ್ಜಿಯ ತಂಗಿಯನ್ನು ಆದೋನಿಗೆ ಕೊಟ್ಟಿದ್ದರು. ‘ರಾತ್ರಿ ಮಲಗುವಾಗ ತಂಗಿ ನಮ್ಮ ಜಿಲ್ಲೆಯವಳು, ಬೆಳಿಗ್ಗೆ ಎದ್ದರೆ ಪರರಾಜ್ಯದವಳು’ ಎಂದು ಅಜ್ಜಿ ಹೇಳುತ್ತಿದ್ದಳು. ತವರಿಗೆ ಬರುವ ದಾರಿಯೇನೂ ಉದ್ದವಾಗಲಿಲ್ಲ. ಆದರೂ ಅಜ್ಜಿಯ ದನಿಯಲ್ಲಿ ಏನೋ ಒಂದು ಇರುತ್ತಿತ್ತು.

ಹಾಗಾಗಿ 2014ರಲ್ಲಿ ಅದೇ ಆಂಧ್ರ ಮತ್ತೊಮ್ಮೆ ಒಡೆದಾಗ ನಾನು ಪತ್ರಿಕೆಯನ್ನು ಬಿಡದೆ ಓದಿದೆ. ಮುಖ್ಯಮಂತ್ರಿಗಳ ಮಾತು ದಿನವೂ ಇರುತ್ತಿತ್ತು. ನನ್ನ ಕುತೂಹಲವೆಲ್ಲ ಮಾತೇ ಆಡದ ಒಬ್ಬರ ಮೇಲಿತ್ತು. ಅವರು ರಾಜ್ಯಪಾಲ ಇ.ಎಸ್.ಎಲ್. ನರಸಿಂಹನ್.

ತಮಿಳುನಾಡಿನ ಕಡೆಯವರು. ಓದಿದ್ದು ಭೌತಶಾಸ್ತ್ರ, ಆಮೇಲೆ ಕಾನೂನು. 1968ರಲ್ಲಿ ಐ.ಪಿ.ಎಸ್. ಸೇರಿ ಆಂಧ್ರಪ್ರದೇಶಕ್ಕೆ ಬಂದರು. ಆದರೆ ಲಾಠಿ, ಠಾಣೆ, ಪೆರೇಡು ಅವರ ಬಾಳಿನಲ್ಲಿ ಕಡಿಮೆ. ಬಹುಪಾಲು ಸೇವೆ ಕೇಂದ್ರ ಗುಪ್ತಚರ ದಳದಲ್ಲಿ, ಅಂದರೆ ಬ್ರಿಟಿಷರ ಕಾಲದಲ್ಲಿ ಹುಟ್ಟಿದ ಐ.ಬಿ.ಯಲ್ಲಿ. ನಡುವೆ ಕೆಲವು ವರ್ಷ ಮಾಸ್ಕೋದ ನಮ್ಮ ರಾಯಭಾರ ಕಚೇರಿಯಲ್ಲಿದ್ದರು. 2005ರಲ್ಲಿ ಐ.ಬಿ.ಯ ನಿರ್ದೇಶಕರಾದರು. 2006ರ ಡಿಸೆಂಬರಿನಲ್ಲಿ ನಿವೃತ್ತಿ, 2007ರ ಜನವರಿಯಲ್ಲಿ ಛತ್ತೀಸ್‌ಗಢದ ರಾಜಭವನ! ನಮ್ಮ ಶಿಕ್ಷಕರ ಪಿಂಚಣಿ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಅವರು ರಾಜ್ಯಪಾಲರಾಗಿದ್ದರು.

ಛತ್ತೀಸ್‌ಗಢ ನಕ್ಸಲರ ಹಾವಳಿಯಿದ್ದ ರಾಜ್ಯ. ಅಲ್ಲಿಗೆ ಗುಪ್ತಚರ ದಳದವರನ್ನು ಕಳಿಸಿದ್ದರಲ್ಲಿ ದೆಹಲಿಯ ಲೆಕ್ಕಾಚಾರವಿಲ್ಲ ಎನ್ನಲಾದೀತೇ? 2009ರ ಕೊನೆಯಲ್ಲೂ ಅದೇ ಆಯಿತು. ನವೆಂಬರ್ 29ರಂದು ಕೆ. ಚಂದ್ರಶೇಖರ ರಾವ್ ಉಪವಾಸಕ್ಕೆ ಕುಳಿತರು. ಡಿಸೆಂಬರ್ 9ರಂದು ತೆಲಂಗಾಣ ರಚನೆಯ ಕೆಲಸ ಆರಂಭಿಸುವುದಾಗಿ ಕೇಂದ್ರ ಪ್ರಕಟಿಸಿತು. ಕರಾವಳಿಯಲ್ಲೂ ರಾಯಲಸೀಮೆಯಲ್ಲೂ ಜನ ಬೀದಿಗಿಳಿದರು. ಅದೇ ತಿಂಗಳು ರಾಜ್ಯಪಾಲ ಎನ್.ಡಿ. ತಿವಾರಿ ರಾಜೀನಾಮೆ ಕೊಟ್ಟರು. ಆ ಬೆಂಕಿಯ ನಡುವೆ ನರಸಿಂಹನ್ ಹೈದರಾಬಾದಿಗೆ ಬಂದರು. ಮುಂದಿನ ಸುಮಾರು ಹತ್ತು ವರ್ಷ ಅಲ್ಲಿಂದ ಕದಲಲಿಲ್ಲ. ದೆಹಲಿಯಲ್ಲಿ ಸರ್ಕಾರ ಬದಲಾಯಿತು. ಹಳೆಯವರು ನೇಮಿಸಿದ ಎಷ್ಟೋ ರಾಜ್ಯಪಾಲರು ಮನೆಗೆ ಹೋದರು. ಇವರು ಮಾತ್ರ ಉಳಿದರು.

2014ರ ಫೆಬ್ರವರಿಯಲ್ಲಿ ಸಂಸತ್ತು ವಿಭಜನೆಯ ಮಸೂದೆಯನ್ನು ಒಪ್ಪಿತು. ಮುಖ್ಯಮಂತ್ರಿ ಕಿರಣ್ ಕುಮಾರ್ ರೆಡ್ಡಿ ರಾಜೀನಾಮೆ ಕೊಟ್ಟಿದ್ದರು. ಮಾರ್ಚ್ 1ರಿಂದ ರಾಷ್ಟ್ರಪತಿ ಆಳ್ವಿಕೆ ಬಂತು. ಅಂದರೆ ಕಡತ, ನೌಕರರು, ಸಾಲ, ಆಸ್ತಿ ಎಲ್ಲವನ್ನೂ ಎರಡು ಪಾಲು ಮಾಡುವ ಆ ಮೂರು ತಿಂಗಳು ಆಡಳಿತದ ಚುಕ್ಕಾಣಿ ಈ ನಿವೃತ್ತ ಪೊಲೀಸ್ ಅಧಿಕಾರಿಯ ಕೈಯಲ್ಲಿತ್ತು. ಅಣ್ಣ ತಮ್ಮಂದಿರು ಪಾಲಾಗುವಾಗ ಹಂಡೆ ಯಾರಿಗೆ, ಒನಕೆ ಯಾರಿಗೆ ಎಂದು ನಡೆಯುವ ಜಗಳ ನೋಡಿದವರಿಗೆ ಇದರ ಕಷ್ಟ ಗೊತ್ತು. ಜೂನ್ 2ರಂದು ತೆಲಂಗಾಣ ಹುಟ್ಟಿತು. ನರಸಿಂಹನ್ ಎರಡಕ್ಕೂ ರಾಜ್ಯಪಾಲರಾದರು. ಒಬ್ಬರೇ ಎರಡು ರಾಜ್ಯಕ್ಕೆ ರಾಜ್ಯಪಾಲರಾಗಬಹುದೆಂಬ ಅವಕಾಶ 1956ರ 7ನೇ ತಿದ್ದುಪಡಿಯಿಂದಲೇ ಸಂವಿಧಾನದಲ್ಲಿದೆ. ಅದನ್ನು ನಾನು ಪಾಠ ಮಾಡುತ್ತಾ ಬಂದಿದ್ದೆ. ಒಂದೇ ಮನೆ ಒಡೆದು ಎರಡಾದಾಗ ಆ ಎರಡರ ಜಗಲಿಯಲ್ಲೂ ಒಬ್ಬರೇ ಕೂತದ್ದನ್ನು ನೋಡಿದ್ದು ಆಗಲೇ.

ವಿಭಜನೆಯ ಕಾಯ್ದೆಯಲ್ಲಿ 8ನೇ ಕಲಂ ಎಂದೊಂದಿದೆ. ಹೈದರಾಬಾದು ಹತ್ತು ವರ್ಷ ಎರಡೂ ರಾಜ್ಯಗಳ ರಾಜಧಾನಿಯಾಗಿರುವಾಗ, ಅಲ್ಲಿ ವಾಸಿಸುವವರ ಜೀವ, ಸ್ವಾತಂತ್ರ್ಯ, ಆಸ್ತಿಗಳ ರಕ್ಷಣೆಗೆ ರಾಜ್ಯಪಾಲರೇ ವಿಶೇಷ ಹೊಣೆ ಎಂದು ಅದು ಹೇಳಿತು. ತೆಲಂಗಾಣದ ಮಂತ್ರಿಮಂಡಲವನ್ನು ಕೇಳಬೇಕು, ಆದರೆ ಕೊನೆಯ ತೀರ್ಮಾನ ಅವರದೇ. ನೋಡಿ, ಪೊಲೀಸ್ ಕೆಲಸ ಬಿಟ್ಟು ರಾಜಭವನಕ್ಕೆ ಬಂದವರ ಹೆಗಲಿಗೆ ಮತ್ತೆ ಊರು ಕಾಯುವ ಕೆಲಸವೇ ಬಂತು!

ಊರು ಕಾಯುವ ಮಾತು ಬಂದಾಗ ನನಗೆ ನಮ್ಮ ಹಂಪಿಯ ನೆನಪಾಗುತ್ತದೆ. 1443ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದಿದ್ದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್, ಟಂಕಸಾಲೆಯ ಎದುರಿಗೇ ಕೊತ್ವಾಲನ ಕಚೇರಿಯಿತ್ತು, ಅಲ್ಲಿ 12,000 ಕಾವಲಿನವರಿದ್ದರು ಎಂದು ಬರೆದಿದ್ದಾನೆ. ಅವರ ಸಂಬಳ ಬರುತ್ತಿದ್ದದ್ದು ವೇಶ್ಯಾಗೃಹಗಳ ಆದಾಯದಿಂದ. ಈ ಮಾತನ್ನು ತರಗತಿಯಲ್ಲಿ ಹೇಳುವ ಹಾಗಿಲ್ಲ, ನಿಮಗೆ ಹೇಳಬಹುದು. ಏಳು ಸುತ್ತಿನ ಕೋಟೆ ಕಾದವರಿಗೆ ಅನ್ನ ಹಾಕಿದವರು ಆ ಹೆಂಗಸರು. ಅವರನ್ನು ಕಾದವರು ಯಾರೋ! ಅದರ ನಂತರದ ಶತಮಾನದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಇನ್ನೊಂದು ಮಾತು ಹೇಳುತ್ತಾನೆ. ರಾಜಧಾನಿಯಲ್ಲಿ ನಡೆದ ಕಳ್ಳತನಗಳಿಗೆ ಕಾವಲಿನ ಮುಖ್ಯಸ್ಥನೇ ಲೆಕ್ಕ ಒಪ್ಪಿಸಬೇಕಾಗಿತ್ತಂತೆ, ಅದಕ್ಕೇ ಕಳ್ಳತನ ಕಡಿಮೆಯಿತ್ತಂತೆ. ಕಳ್ಳನನ್ನು ಹುಡುಕಲು ಮಂತ್ರವಾದಿಗಳೂ ಇದ್ದರಂತೆ, ಅದಿರಲಿ. ನನಗೆ ಮುಖ್ಯವಾಗಿ ಕಂಡದ್ದು ಆ ‘ಲೆಕ್ಕ ಒಪ್ಪಿಸುವುದು’. ಹೆಣ್ಣುಮಗಳ ಕೊರಳಿನ ಸರ ಹೋದರೆ ಕೇಳಲು ಒಬ್ಬ ಮನುಷ್ಯನಿದ್ದ.

ಈ ಕಾಲದ ರಾಜ್ಯಪಾಲರು ಯಾರಿಗೆ ಲೆಕ್ಕ ಒಪ್ಪಿಸುತ್ತಾರೆ? ನಾವು ವೋಟು ಹಾಕಿ ತಂದವರಲ್ಲ. ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಇರುತ್ತಾರೆ ಎಂದು ಸಂವಿಧಾನವೇ ಹೇಳುತ್ತದೆ. ಪೊಲೀಸ್ ಇಲಾಖೆಯಿಂದ ಬಂದವರಾದರೆ ಮೇಲಿನ ಆಜ್ಞೆಗೆ ಮೊದಲೇ ಒಗ್ಗಿರುತ್ತಾರೆ. ಟಿ.ವಿ. ರಾಜೇಶ್ವರ್, ಎಂ.ಕೆ. ನಾರಾಯಣನ್ ಇಬ್ಬರೂ ಐ.ಬಿ.ಯ ಮುಖ್ಯಸ್ಥರಾಗಿದ್ದು ರಾಜ್ಯಪಾಲರಾದವರೇ. 1972ರಲ್ಲಿ ದೇಶದ ಮೊದಲ ಮಹಿಳಾ ಐ.ಪಿ.ಎಸ್. ಆದ ಕಿರಣ್ ಬೇಡಿ 2016ರಲ್ಲಿ ಪುದುಚೇರಿಯ ಉಪರಾಜ್ಯಪಾಲರಾದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಿಗ್ಗು. ಆಮೇಲೆ ಅವರಿಗೂ ಅಲ್ಲಿನ ಮುಖ್ಯಮಂತ್ರಿಗೂ ನಡೆದ ಜಟಾಪಟಿ ಎಲ್ಲರಿಗೂ ಗೊತ್ತು. 2021ರ ಫೆಬ್ರವರಿಯಲ್ಲಿ ಅವರನ್ನು ಆ ಹುದ್ದೆಯಿಂದ ತೆಗೆದರು. ಬೇಡಿಯವರ ಧೈರ್ಯ ನನಗೆ ಇಷ್ಟ. ಆದರೆ ಜನ ಆರಿಸಿದ ಸರ್ಕಾರವಿರುವಲ್ಲಿ ರಾಜಭವನದಿಂದಲೂ ಗಸ್ತು ತಿರುಗಬೇಕೇ ಎಂಬ ಪ್ರಶ್ನೆಗೆ ನನ್ನಲ್ಲಿ ‘ಹೌದು’ ಎಂಬ ಉತ್ತರವಿಲ್ಲ.

ನರಸಿಂಹನ್ ಅವರ ದಾರಿ ಬೇರೆ. 2015ರ ಫೆಬ್ರವರಿ 13ರಂದು ನಾಗಾರ್ಜುನಸಾಗರ ಅಣೆಕಟ್ಟಿನ ಮೇಲೆ ನೀರು ಬಿಡುವ ವಿಷಯಕ್ಕೆ ಎರಡೂ ರಾಜ್ಯಗಳ ಪೊಲೀಸರೇ ಕೈಕೈ ಮಿಲಾಯಿಸಿದರು. ವರ್ಷದ ಹಿಂದೆ ಒಂದೇ ಇಲಾಖೆಯಲ್ಲಿ ಒಬ್ಬರಿಗೊಬ್ಬರು ಸಲ್ಯೂಟ್ ಹೊಡೆದವರು! ಮರುದಿನ ಇಬ್ಬರು ಮುಖ್ಯಮಂತ್ರಿಗಳೂ ರಾಜಭವನದಲ್ಲಿ ರಾಜ್ಯಪಾಲರೆದುರು ಕೂತು ಮಾತಾಡಿದರು, ನೀರು ಬಿಡುವ ಒಪ್ಪಂದವಾಯಿತು. ಅಣೆಕಟ್ಟಿನ ಊರಿನವಳಾದ ನನಗೆ ಆ ಸುದ್ದಿ ಓದಿ ಜೀವ ಬಂದ ಹಾಗಾಯಿತು. ಅದೇ ವರ್ಷ ಜೂನ್‌ನಲ್ಲಿ ವೋಟಿಗಾಗಿ ನೋಟು ಪ್ರಕರಣ ಎದ್ದಾಗ ಆಂಧ್ರ ಸರ್ಕಾರ 8ನೇ ಕಲಂ ಜಾರಿಗೆ ತನ್ನಿ ಎಂದಿತು. ಕೂಡದು ಎಂದಿತು ತೆಲಂಗಾಣ. ಕೈಯಲ್ಲಿದ್ದ ಕೋಲನ್ನು ಎತ್ತದೆ ಇಟ್ಟುಕೊಳ್ಳುವುದು ಪೊಲೀಸರಾಗಿದ್ದವರಿಗೆ ಸುಲಭವಲ್ಲ. ಅವರು ಅದನ್ನು ಮಾಡಿದರು. ಅವರ ವರದಿಗಳಲ್ಲಿ ಏನಿತ್ತು ಎಂಬುದು ಬೇರೆ ಮಾತು. ಅದನ್ನು ಓದಿದವರು ದೆಹಲಿಯವರು, ಹೈದರಾಬಾದಿನ ಗೃಹಿಣಿಯರಲ್ಲ.

2019ರ ಜುಲೈನಲ್ಲಿ ಆಂಧ್ರಕ್ಕೆ ಬೇರೆ ರಾಜ್ಯಪಾಲರು ಬಂದರು. ಸೆಪ್ಟೆಂಬರಿನಲ್ಲಿ ತೆಲಂಗಾಣದ ಹೊಣೆಯೂ ಇಳಿಯಿತು; ಅಲ್ಲಿಗೆ ಬಂದವರು ವೈದ್ಯೆ ತಮಿಳಿಸೈ ಸೌಂದರರಾಜನ್. 8ನೇ ಕಲಮಿನ ಹತ್ತು ವರ್ಷ 2024ರ ಜೂನ್ 2ಕ್ಕೆ ಮುಗಿಯಿತು.

ನಮ್ಮಲ್ಲೂ 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ ಹೊಸಪೇಟೆ, ಹಂಪಿ ಈ ಕಡೆಯಾದವು, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಟಿ.ಬಿ. ಡ್ಯಾಮಿನಲ್ಲಿರುವ ತುಂಗಭದ್ರಾ ಮಂಡಳಿಯಲ್ಲಿ ಕರ್ನಾಟಕ ಮತ್ತು ಆಂಧ್ರದ ಜೊತೆಗೆ 2014ರಿಂದ ತೆಲಂಗಾಣವೂ ಸೇರಿದೆ. ಅಜ್ಜಿಯ ತಂಗಿಯ ಮೊಮ್ಮಕ್ಕಳು ಈಗಲೂ ಆದೋನಿಯಲ್ಲಿದ್ದಾರೆ. ಕಾಲುವೆಗೆ ನೀರು ಬಿಡುವ ದಿನ ಹತ್ತಿರವಾದರೆ, ‘ಅತ್ತೆ, ಡ್ಯಾಮು ಎಷ್ಟು ತುಂಬಿತು?’ ಎಂದು ನನಗೇ ಫೋನು ಮಾಡುತ್ತಾರೆ.