ಒಂದೇ ತಾಲ್ಲೂಕು, ಎರಡು ಕ್ಯಾಂಪು: ವಲಸೆಯ ಫಲಾಫಲ ಅಳೆಯುವ ಅಧ್ಯಯನ ಬೆಳೆದು ಬಂದ ಬಗೆ

ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ ‘ಕ್ಯಾಂಪು’ ಎಂದರೆ ಎರಡು ಬಗೆಯ ಊರು. ಒಂದು, ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳ ರೈತರು ಬಂದು, ಜಮೀನು ಕೊಂಡು, ಹೊಲದ ನಡುವೆಯೇ ಮನೆ ಕಟ್ಟಿಕೊಂಡ ಆಂಧ್ರ ಕ್ಯಾಂಪು. ಇನ್ನೊಂದು, ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರನ್ನು 1970ರ ಆಸುಪಾಸಿನಲ್ಲಿ ಸರ್ಕಾರವೇ ಕರೆತಂದು ನೆಲೆಗೊಳಿಸಿದ ಆರ್.ಎಚ್. ಕ್ಯಾಂಪು, ಅದಕ್ಕೆ ಹೆಸರಿಗಿಂತ ನಂಬರೇ ಗುರುತು. ಇಬ್ಬರೂ ಪರವೂರಿನವರು, ಇಬ್ಬರ ಮನೆಮಾತೂ ಕನ್ನಡವಲ್ಲ, ಇಬ್ಬರೂ ಭತ್ತದ ನಾಡಿನಿಂದ ಬಂದವರು. ಅರ್ಧ ಶತಮಾನ ಕಳೆದ ಮೇಲೆ ಒಂದು ಕಡೆ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಖಾಸಗಿ ಶಾಲೆಗಳು ಎದ್ದು ನಿಂತಿವೆ. ಇನ್ನೊಂದು ಕಡೆಯವರು ಜಾತಿ ಪ್ರಮಾಣಪತ್ರಕ್ಕೂ ಪೌರತ್ವಕ್ಕೂ ಕಚೇರಿ ಅಲೆದಿದ್ದಾರೆ.

ಈ ಅಂತರಕ್ಕೆ ಊರಕಟ್ಟೆಯಲ್ಲಿ ಸಿದ್ಧ ಉತ್ತರವಿದೆ: ‘ಆಂಧ್ರದವರು ದುಡೀತಾರೆ, ಅದಕ್ಕೇ ಮುಂದೆ ಬಂದರು.’ ವಲಸೆ ಸಮುದಾಯಗಳನ್ನು ಹೋಲಿಸಿ ನೋಡುವ ಅಧ್ಯಯನ ಈ ಉತ್ತರವನ್ನು ದಾಟಿ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡಿದೆ. ಆ ದಾರಿಯನ್ನು ಸಿಂಧನೂರಿನ ಈ ಎರಡು ಕ್ಯಾಂಪುಗಳನ್ನು ಕಣ್ಣ ಮುಂದಿಟ್ಟುಕೊಂಡು ಗುರುತಿಸುವುದು ಈ ಲೇಖನದ ಉದ್ದೇಶ.

ಎಣಿಕೆಯ ಕಾಲ

ಶುರುವಾದದ್ದು ಎಣಿಕೆಯಿಂದ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಇ. ಜಿ. ರಾವೆನ್‌ಸ್ಟೈನ್ 1885ರಲ್ಲಿ ಜನಗಣತಿಯ ಅಂಕಿಗಳನ್ನು ಹಿಡಿದು ‘ವಲಸೆಯ ನಿಯಮ’ಗಳನ್ನು ಬರೆದರು. ಹೆಚ್ಚಿನವರು ಹತ್ತಿರದ ಊರಿಗೇ ಹೋಗುತ್ತಾರೆ, ದೂರ ಹೋಗುವವರು ವ್ಯಾಪಾರ ಮತ್ತು ಕೈಗಾರಿಕೆಯ ಕೇಂದ್ರಗಳನ್ನು ಹುಡುಕುತ್ತಾರೆ ಎಂಬುದು ಅವರು ಕಂಡ ಮುಖ್ಯ ಸಂಗತಿ. ಯಾರು ಎಲ್ಲಿಗೆ ಹೋದರು ಎಂಬುದಕ್ಕೆ ಅಲ್ಲಿ ಉತ್ತರವಿತ್ತು. ಹೋದ ಮೇಲೆ ಏನಾದರು ಎಂಬುದಕ್ಕೆ ಇರಲಿಲ್ಲ.

ಆ ಎರಡನೆಯ ಪ್ರಶ್ನೆಯನ್ನು ಎತ್ತಿಕೊಂಡವರು ಷಿಕಾಗೊ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು. ರಾಬರ್ಟ್ ಪಾರ್ಕ್ 1928ರ ಪ್ರಬಂಧದಲ್ಲಿ ವಲಸಿಗನನ್ನು ಎರಡು ಸಂಸ್ಕೃತಿಗಳ ಅಂಚಿನಲ್ಲಿ ನಿಂತ ಮನುಷ್ಯ ಎಂದು ಕರೆದರು. ಕಾಲ ಕಳೆದಂತೆ ಬಂದವರು ಇದ್ದವರಲ್ಲಿ ಬೆರೆಯುತ್ತಾರೆ, ಬೆರೆತಷ್ಟೂ ಏಳಿಗೆ ಎಂಬ ನಂಬಿಕೆ ಆ ಪಂಥದಲ್ಲಿ ಬಲವಾಗಿತ್ತು. ಸಿಂಧನೂರು ಈ ನಂಬಿಕೆಗೆ ಒಗ್ಗುವುದಿಲ್ಲ. ಮನೆಯಲ್ಲಿ ತೆಲುಗು, ಮದುವೆ ಸಂಬಂಧಕ್ಕೆ ಕರಾವಳಿ ಆಂಧ್ರ ಎಂದು ಬಹುಕಾಲ ಬೇರೆಯಾಗಿಯೇ ಬಾಳಿದ ಕ್ಯಾಂಪುಗಳೇ ಇಲ್ಲಿ ಹಣವಂತವಾದವು.

ದೇಶವಿಭಜನೆ ಒಡ್ಡಿದ ಹೋಲಿಕೆ

ಭಾರತದಲ್ಲಿ ಈ ಅಧ್ಯಯನ ಹುಟ್ಟಿದ್ದು 1947ರ ಗಾಯದಿಂದ. ಪಶ್ಚಿಮ ಪಂಜಾಬಿನಿಂದ ಬಂದ ರೈತರಿಗೆ, ಗಡಿಯಾಚೆ ಹೋದ ಮುಸ್ಲಿಮರು ಬಿಟ್ಟ ಜಮೀನನ್ನು ಅಳೆದು ಹಂಚಲಾಯಿತು. ಆ ಕೆಲಸದಲ್ಲಿ ತಾವೇ ತೊಡಗಿದ್ದ ಅಧಿಕಾರಿ ಎಂ. ಎಸ್. ರಂಧಾವಾ 1954ರಲ್ಲಿ ‘ಔಟ್ ಆಫ್ ದಿ ಆಶಸ್’ ಬರೆದರು, ಯು. ಭಾಸ್ಕರ ರಾವ್ ಅವರ ‘ದಿ ಸ್ಟೋರಿ ಆಫ್ ರಿಹ್ಯಾಬಿಲಿಟೇಷನ್’ 1967ರಲ್ಲಿ ಬಂತು. ಇವು ಸರ್ಕಾರದ ಕಡೆಯಿಂದ ಬರೆದ ಕಥನಗಳು. ಪಂಜಾಬಿಗಳ ಛಲ ಇಲ್ಲಿ ಎದ್ದು ಕಾಣುತ್ತದೆ.

ಬಂಗಾಳದ ಕಥೆ ಹಾಗೆ ಸಾಗಲಿಲ್ಲ. ಅಲ್ಲಿ ಜನ ಒಮ್ಮೆಗೇ ಬರಲಿಲ್ಲ, ಅಲೆ ಅಲೆಯಾಗಿ ದಶಕಗಳ ಕಾಲ ಬಂದರು. ಹಂಚಲು ಬಿಟ್ಟುಹೋದ ಜಮೀನೂ ಅಷ್ಟಿರಲಿಲ್ಲ. 1958ರ ದಂಡಕಾರಣ್ಯ ಯೋಜನೆಯಿಂದ ಶುರುವಾಗಿ ಅವರನ್ನು ದೂರದೂರದ ಸೀಮೆಗಳಿಗೆ ಕಳುಹಿಸಲಾಯಿತು. ಪ್ರಫುಲ್ಲ ಚಕ್ರವರ್ತಿಯವರ ‘ದಿ ಮಾರ್ಜಿನಲ್ ಮೆನ್’ (1990), ಜೋಯಾ ಚಟರ್ಜಿಯವರ ‘ದಿ ಸ್ಪಾಯಿಲ್ಸ್ ಆಫ್ ಪಾರ್ಟಿಷನ್’ (2007), ಉದಿತಿ ಸೇನ್ ಅವರ ‘ಸಿಟಿಜನ್ ರೆಫ್ಯೂಜಿ’ (2018) ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಪಂಜಾಬಿ ಗಟ್ಟಿ, ಬಂಗಾಳಿ ಮೆತ್ತಗೆ ಎಂಬ ಹಳೆಯ ಮಾತಿನ ಹಿಂದೆ ಎರಡು ಬೇರೆ ಬೇರೆ ಸರ್ಕಾರಿ ನೀತಿಗಳು ಅಡಗಿದ್ದವು.

ಬಂಗಾಳಿಗಳನ್ನು ಹೀಗೆ ದೂರ ಕಳುಹಿಸುತ್ತಿದ್ದ ಹೊತ್ತಿಗೇ ಕರ್ನಾಟಕಕ್ಕೂ ತನ್ನದೇ ಉದಾಹರಣೆ ಸಿಕ್ಕಿತ್ತು. 1960ರಲ್ಲಿ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆಯನ್ನು ಟಿಬೆಟನ್ನರಿಗೆ ಕೊಟ್ಟಿತು. 1966ರಲ್ಲಿ ಮುಂಡಗೋಡು, ಆಮೇಲೆ ಹುಣಸೂರು, ಕೊಳ್ಳೇಗಾಲದ ಕಡೆಯ ನೆಲೆಗಳು ಬಂದವು. ಈ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ನಮ್ಮ ಬರಡು ಸೀಮೆಯ ಸ್ವಸಹಾಯ ಸಂಘಗಳಿಗೆ ಹೆಸರಾಯಿತು. ಮೆಲ್ವಿನ್ ಗೋಲ್ಡ್‌ಸ್ಟೈನ್ 1960ರ ದಶಕದಲ್ಲೇ ಬೈಲುಕುಪ್ಪೆಯಲ್ಲಿ ಕ್ಷೇತ್ರಕಾರ್ಯ ಮಾಡಿದರು, ಟಿ. ಸಿ. ಪಾಲಾಕ್ಷಪ್ಪ 1978ರಲ್ಲಿ ಮುಂಡಗೋಡಿನ ಟಿಬೆಟನ್ನರ ಕುರಿತು ಪುಸ್ತಕ ತಂದರು. ಟಿಬೆಟನ್ನರು ತಮ್ಮತನ ಬಿಡದೆ ನೆಲೆಯೂರಿದ್ದನ್ನೂ, ನೆಲನೀರಿಗಾಗಿ ಸುತ್ತಲಿನವರೊಡನೆ ಎದ್ದ ಪೈಪೋಟಿಯನ್ನೂ ಗೋಲ್ಡ್‌ಸ್ಟೈನ್ ಒಟ್ಟಿಗೇ ಇಟ್ಟು ನೋಡಿದರು. ಸಹಕಾರ ಸಂಘ, ಮಠ, ಶಾಲೆ, ಹೊರದೇಶದ ನೆರವು ನಾಲ್ಕೂ ಬೈಲುಕುಪ್ಪೆಯ ಬೆನ್ನಿಗಿದ್ದವು.

ಕಾಲುವೆ ತೋರಿದ ದಾರಿ

ಹೋಲಿಕೆಗೆ ಬಿಗಿಯಾದ ವಿಧಾನ ಕೊಟ್ಟದ್ದು ಮಂಡ್ಯ ಜಿಲ್ಲೆ. ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಅಲ್ಲಿನ ಎರಡು ಅಕ್ಕಪಕ್ಕದ ಹಳ್ಳಿಗಳಲ್ಲಿದ್ದು, 1962ರಲ್ಲಿ ಅವನ್ನು ವಂಗಲ, ದಲೇನ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಯಿಸಿದರು. ವಂಗಲಕ್ಕೆ ಕಾಲುವೆ ನೀರು ಬಂತು, ದಲೇನಕ್ಕೆ ಬರಲಿಲ್ಲ. ನೀರು ಬಂದ ಊರು ಹಳೆಯ ಕಟ್ಟಳೆಯಲ್ಲೇ ಸಿರಿವಂತವಾಯಿತು; ನೀರಿಲ್ಲದ ಊರಿನವರು ಮಂಡ್ಯ ಪಟ್ಟಣದ ಕೆಲಸ, ವ್ಯಾಪಾರಗಳತ್ತ ಹೊರಳಿ ಹೆಚ್ಚು ಬದಲಾದರು. ಸುತ್ತಲಿನದೆಲ್ಲ ಒಂದೇ ಇದ್ದು ಒಂದು ಸಂಗತಿ ಮಾತ್ರ ಬೇರೆಯಾದಾಗ ಬದುಕು ಯಾವ ಕಡೆ ತಿರುಗುತ್ತದೆ ಎಂದು ನೋಡುವ ಈ ಕ್ರಮವನ್ನು ಸಿಂಧನೂರಿಗೂ ಹಚ್ಚಬಹುದು.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದಕ್ಕೆ ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರುಗಳ ಎರೆಭೂಮಿಗೆ ನೀರು ತರಬೇಕಿತ್ತು. ಬರದ ಸೀಮೆಯಲ್ಲಿ ಆದಷ್ಟು ಹೆಚ್ಚು ರೈತರಿಗೆ ಸ್ವಲ್ಪ ಸ್ವಲ್ಪ ನೀರು ಸಿಗಲಿ, ಜೋಳ, ಹತ್ತಿ, ಶೇಂಗಾ ಒಣಗದಿರಲಿ ಎಂಬುದು ಯೋಜನೆಯ ಲೆಕ್ಕ. ಆದರೆ ಒಣಬೇಸಾಯವನ್ನೇ ಕಂಡಿದ್ದ ಇಲ್ಲಿನ ರೈತನ ಬಳಿ ಹೊಲ ಮಟ್ಟ ಮಾಡಿಸುವ ದುಡ್ಡೂ ಇರಲಿಲ್ಲ, ನೀರು ಕಟ್ಟುವ ಅಭ್ಯಾಸವೂ ಇರಲಿಲ್ಲ.

ಅದೇ ಹೊತ್ತಿಗೆ ಕೃಷ್ಣಾ ಮುಖಜಭೂಮಿಯಲ್ಲಿ ನೀರಾವರಿಗೆ ನೂರು ವರ್ಷ ತುಂಬುತ್ತಿತ್ತು. ವಿಜಯವಾಡದ ಹಳೆಯ ಆನೆಕಟ್ಟು 1855ರಲ್ಲಿ ಮುಗಿದಿತ್ತು. ನದಿಯ ಈಚೆ ದಡದ ಮಂಗಳಗಿರಿ, ತೆನಾಲಿ ಕಡೆಗೂ ಆಚೆಯ ಗುಡಿವಾಡದ ಕಡೆಗೂ ಭತ್ತದ ಜೊತೆಗೆ ಜಮೀನಿನ ಬೆಲೆಯೂ ಏರುತ್ತ ಹೋಗಿತ್ತು. ಅಲ್ಲಿ ಒಂದು ಎಕರೆ ಮಾರಿದವನು ಇಲ್ಲಿ ಹಲವು ಎಕರೆ ಕೊಳ್ಳಬಹುದಿತ್ತು. ಮೊದಲು ನಿಜಾಮಸಾಗರದ ಕೆಳಗೆ ನಿಜಾಮಾಬಾದ್ ಸೀಮೆಗೆ ಹೋಗಿ ಅನುಭವ ಪಡೆದಿದ್ದ ಈ ವಲಸೆಯ ಧಾರೆ ಈಗ ತುಂಗಭದ್ರೆಯತ್ತ ತಿರುಗಿತು. ಬಂದವರಲ್ಲಿ ಕಮ್ಮ ರೈತರೇ ಹೆಚ್ಚು. ಮೊದಲು ಬಂದವರ ಹೊತ್ತಿಗೆ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆ. 1956ರ ನವೆಂಬರ್‌ನಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿದಾಗ ಈ ಕುಟುಂಬಗಳು ಕೂತಲ್ಲೇ ಕನ್ನಡ ನಾಡಿನವರಾದವು.

ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದ ಪೀಟರ್ ಮೊಲಿಂಗಾ ಈ ಎಡದಂಡೆ ಕಾಲುವೆಯ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿ 1998ರಲ್ಲಿ ಸಂಶೋಧನಾ ಪ್ರಬಂಧ ಮುಗಿಸಿದರು. ಅದು ‘ಆನ್ ದಿ ವಾಟರ್‌ಫ್ರಂಟ್’ ಎಂಬ ಪುಸ್ತಕವಾಗಿ ಬಂತು. ಜೋಳ, ಹತ್ತಿಗೆ ಗೊತ್ತುಮಾಡಿದ ಹೊಲದಲ್ಲಿ ಭತ್ತ ನಿಂತದ್ದು, ಕಾಲುವೆಯ ಮೇಲ್ಭಾಗದಲ್ಲಿ ನೀರು ಹಿಡಿದು ನಿಂತಾಗ ಕೊನೆ ಭಾಗದ ರೈತರಿಗೆ ಬರಿ ಕಾಲುವೆ ಉಳಿದದ್ದು, ತೂಬಿನ ಬಾಯಲ್ಲಿ ನಡೆಯುವ ರಾಜಕೀಯ, ಭತ್ತದ ಬೆಳೆಗೆ ಬೇಕಾದ ಸಾಲದ ಸರಪಣಿ ಎಲ್ಲವನ್ನೂ ಅವರು ದಾಖಲಿಸಿದರು. ಏಳಿಗೆಯ ಪ್ರಶ್ನೆ ವಲಸಿಗನ ಗುಣದಿಂದ ನೀರಿನ ಹಂಚಿಕೆಯ ಪ್ರಶ್ನೆಗೆ ಇಲ್ಲಿ ಸರಿಯಿತು. ಕಾರಟಗಿ, ಗಂಗಾವತಿ, ಸಿಂಧನೂರುಗಳ ಗಿರಣಿಗಳಿಂದ ಹೊರಡುವ ಸೋನಾ ಮಸೂರಿಯ ಹಿಂದೆ ದುಡಿಮೆ ಇದೆ, ಖಂಡಿತ ಇದೆ. ಅದರ ಜೊತೆಗೆ ಕಾಲುವೆಯ ಯಾವ ಭಾಗದಲ್ಲಿ ಜಮೀನು ಸಿಕ್ಕಿತು ಎಂಬುದೂ ಇದೆ.

ಗಳಿಕೆಯ ಲೆಕ್ಕ, ಸ್ವಾಗತದ ಲೆಕ್ಕ

ಅರ್ಥಶಾಸ್ತ್ರಜ್ಞರು ಈ ಕ್ಷೇತ್ರಕ್ಕೆ ಗಟ್ಟಿಯಾಗಿ ಕಾಲಿಟ್ಟದ್ದು 1970ರ ದಶಕದಲ್ಲಿ. ಬ್ಯಾರಿ ಚಿಸ್ವಿಕ್ 1978ರಲ್ಲಿ ಅಮೆರಿಕದ ಜನಗಣತಿ ಹಿಡಿದು, ವಲಸಿಗರು ಮೊದಲು ಕಡಿಮೆ ಗಳಿಸಿದರೂ ಹತ್ತು ಹದಿನೈದು ವರ್ಷಗಳಲ್ಲಿ ಸ್ಥಳೀಯರನ್ನು ಹಿಂದೆ ಹಾಕುತ್ತಾರೆ ಎಂದರು. ಜಾರ್ಜ್ ಬೋರ್ಹಾಸ್ 1985ರಲ್ಲಿ ಇದನ್ನು ಪ್ರಶ್ನಿಸಿದರು: ಇಪ್ಪತ್ತು ವರ್ಷದ ಹಿಂದೆ ಬಂದವರೂ ನಿನ್ನೆ ಬಂದವರೂ ಒಂದೇ ಬಗೆಯ ಜನರಲ್ಲ, ಅವರನ್ನು ಒಂದೇ ಸಾಲಿನಲ್ಲಿಟ್ಟು ಏಳಿಗೆ ಅಳೆದರೆ ಲೆಕ್ಕ ತಪ್ಪುತ್ತದೆ. 1993ರಲ್ಲಿ ಅಲೆಹಾಂದ್ರೋ ಪೋರ್ಟೆಸ್ ಮತ್ತು ಮಿನ್ ಝೌ ಮೂರು ಸಂಗತಿಗಳನ್ನು ಸೇರಿಸಿದರು: ಸರ್ಕಾರ ಹೇಗೆ ಬರಮಾಡಿಕೊಂಡಿತು, ಇದ್ದ ಜನ ಹೇಗೆ ನೋಡಿದರು, ಮೊದಲೇ ಬಂದ ತಮ್ಮವರು ಎಷ್ಟು ಗಟ್ಟಿಯಾಗಿದ್ದರು. ಕ್ಯಾಲಿಫೋರ್ನಿಯಾದ ಪಂಜಾಬಿ ಸಿಖ್ ರೈತರ ಮಕ್ಕಳ ಬಗ್ಗೆ ಮಾರ್ಗರೆಟ್ ಗಿಬ್ಸನ್ 1988ರಲ್ಲಿ ಬರೆದ ಪುಸ್ತಕ ಅವರಿಗೆ ಆಧಾರವಾಯಿತು. ಬೆರೆಯದೆಯೂ ಹೊಂದಿಕೊಂಡು ಮುಂದೆ ಬಂದವರ ಕಥೆ ಅದು.

ಅಮೆರಿಕದಲ್ಲಿ ಇರಾಕಿನವರನ್ನೂ ಏಷ್ಯಾದ ಉಳಿದ ವಲಸಿಗರನ್ನೂ ಪಕ್ಕಪಕ್ಕ ಇಟ್ಟು ನೋಡುವ ಚರ್ಚೆಗೂ ಇದೇ ಬೆಳಕು ಬೇಕು. ಡೆಟ್ರಾಯಿಟ್‌ನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ನೆಲೆಯೂರಿದ ಇರಾಕಿನ ಕಾಲ್ಡಿಯನ್ ಕ್ರೈಸ್ತರು ಕಿರಾಣಿ ಅಂಗಡಿಗಳ ಜಾಲ ಕಟ್ಟಿ ಬೆಳೆದದ್ದನ್ನು ಮೇರಿ ಸೆಂಗ್‌ಸ್ಟಾಕ್ ವಿವರಿಸಿದ್ದಾರೆ. 2003ರ ಯುದ್ಧದ ನಂತರ ಅದೇ ದೇಶದಿಂದ ನಿರಾಶ್ರಿತರಾಗಿ ಬಂದವರಲ್ಲಿ ಎಷ್ಟೋ ವೈದ್ಯರು, ಎಂಜಿನಿಯರ್‌ಗಳು ತಮ್ಮ ಪದವಿಗೆ ಮಾನ್ಯತೆ ಸಿಗದೆ ಸಣ್ಣ ಕೂಲಿಯಿಂದ ಶುರು ಮಾಡಬೇಕಾಯಿತು. ನಾಡು ಒಂದೇ, ಬಂದ ಬಾಗಿಲು ಬೇರೆ. ಹಾಗೆ ನೋಡಿದರೆ ‘ಏಷ್ಯಾದವರು’ ಎಂಬ ಒಂದೇ ಪಟ್ಟಿಯಡಿ ಸಾಫ್ಟ್‌ವೇರ್ ಎಂಜಿನಿಯರನನ್ನೂ ಯುದ್ಧದಿಂದ ಓಡಿಬಂದವನನ್ನೂ ಕೂಡಿಸಿ ಸರಾಸರಿ ತೆಗೆದರೆ ಯಾರ ಬದುಕೂ ಕಾಣುವುದಿಲ್ಲ. ಸಂಜಯ್ ಚಕ್ರವರ್ತಿ, ದೇವೇಶ್ ಕಪೂರ್, ನಿರ್ವಿಕಾರ್ ಸಿಂಗ್ ಬರೆದ ‘ದಿ ಅದರ್ ಒನ್ ಪರ್ಸೆಂಟ್’ ಅಮೆರಿಕದ ಭಾರತೀಯರ ಸಿರಿವಂತಿಕೆಯ ಗುಟ್ಟು ಬಿಡಿಸುತ್ತದೆ: ಜಾತಿ, ಪರೀಕ್ಷೆ, ವೀಸಾ ಎಂಬ ಮೂರು ಜರಡಿ ದಾಟಿದವರಷ್ಟೇ ಅಲ್ಲಿಗೆ ತಲುಪಿದ್ದರು.

ಹೊರಟ ಊರಿನ ಕಡೆಗೆ

ಇಷ್ಟಾದ ಮೇಲೆ ನೋಟ ಬಂದು ಸೇರಿದ ಊರಿನಿಂದ ಹೊರಟ ಊರಿನತ್ತ ತಿರುಗಿತು. ಕರೋಲ್ ಉಪಾಧ್ಯ ವಿಶಾಖಪಟ್ಟಣದಲ್ಲಿ ಸಂಶೋಧನೆ ನಡೆಸಿ 1988ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಕರಾವಳಿ ಆಂಧ್ರದ ‘ರೈತ ಬಂಡವಾಳಿಗ’ರ ಬಗ್ಗೆ ಬರೆದರು. ಭತ್ತದಲ್ಲಿ ಉಳಿದ ಹಣ ನೆಂಟಸ್ತಿಕೆಯ ದಾರಿ ಹಿಡಿದು ಪಟ್ಟಣದ ವ್ಯಾಪಾರ ಉದ್ಯಮಗಳಿಗೆ ಹರಿದ ಬಗೆ ಅಲ್ಲಿದೆ. ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಮತ್ತು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯ ಕೂಡಿ ನಡೆಸಿದ ಯೋಜನೆಯೊಂದರಲ್ಲಿ ಗುಂಟೂರು ಜಿಲ್ಲೆಯೂ ಸೇರಿತು. ಅಮೆರಿಕಕ್ಕೆ ಹೋದವರ ಹಣ ಊರಿನ ಜಮೀನಿಗೂ ಶಿಕ್ಷಣಕ್ಕೂ ಜಾತಿಯ ಜಾಲಕ್ಕೂ ಮರಳುವುದನ್ನು ಅಲ್ಲಿ ಸನಮ್ ರೂಹಿ ಹಿಂಬಾಲಿಸಿದರು. ಗುಂಟೂರಿನ ಒಂದು ರೈತ ಸಮುದಾಯ ಒಂದು ತಲೆಮಾರಿನಲ್ಲಿ ಗಂಗಾವತಿಗೆ, ಮುಂದಿನ ತಲೆಮಾರಿನಲ್ಲಿ ಟೆಕ್ಸಾಸ್‌ಗೆ ಹೋಗಿದ್ದರೆ ಎರಡರ ಬೇರೂ ಕೃಷ್ಣೆಯ ಅದೇ ಹಳೆಯ ಕಾಲುವೆಯ ಕೆಳಗಿದೆ. ಅದೇ ಜಿಲ್ಲೆಯ ಮಂಗಳಗಿರಿಯಲ್ಲಿ ಮಗ್ಗವನ್ನೇ ನಂಬಿದ ನೇಕಾರನಿಗೆ ಮಾರಲು ಎಕರೆ ಇರಲಿಲ್ಲ. ಊರು ಒಂದಾದರೂ ವಲಸೆಗೆ ಬೇಕಾದ ಬಂಡವಾಳ ಎಲ್ಲರ ಪಾಲಿಗೂ ಇರಲಿಲ್ಲ.

ಕಾಗದದ ಬಲ

ಈಗ ಆರ್.ಎಚ್. ಕ್ಯಾಂಪಿಗೆ ಮರಳೋಣ. ಇಲ್ಲಿಗೆ ಬಂದ ಬಂಗಾಳಿಗಳಲ್ಲಿ ನಾಮಶೂದ್ರರು ಹೆಚ್ಚು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ ಕರ್ನಾಟಕದಲ್ಲಿ ಆ ಸ್ಥಾನ ಅವರಿಗೆ ದಕ್ಕಲಿಲ್ಲ. ಅವರು ತಾವಾಗಿ ಊರು ಆರಿಸಿಕೊಂಡು ಬಂದವರಲ್ಲ, ಮಾರಿ ಬರಲು ಕೈಯಲ್ಲಿ ಆಸ್ತಿ ಉಳಿದಿರಲಿಲ್ಲ, ನೆರವಿಗೆ ಕರೆಯಲು ಹತ್ತಿರದಲ್ಲಿ ನೆಂಟರ ಊರೂ ಇರಲಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆ 2019ರಲ್ಲಿ ಬಂದು, ಅದರ ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಿದ್ದ ಮೇಲೆ ಸಿಂಧನೂರಿನ ಕೆಲವರಿಗೆ ಪೌರತ್ವದ ಪತ್ರ ಸಿಕ್ಕಿತು. ಈ ನೆಲದಲ್ಲಿ ಉತ್ತು ಬಿತ್ತಿ ದಶಕಗಳೇ ಕಳೆದಿದ್ದವು.

ಹೀಗೆ ಕಾನೂನು ಈ ಅಧ್ಯಯನದ ಒಳಕ್ಕೆ ಬಂತು. ಪಹಣಿಯಲ್ಲಿ ಹೆಸರಿದೆಯೇ, ಬ್ಯಾಂಕು ಸಾಲ ಕೊಡುತ್ತದೆಯೇ, ಮಗಳು ಮೀಸಲಾತಿಯಡಿ ಕಾಲೇಜು ಸೇರಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರ ಬೆವರಿನಲ್ಲಿ ಸಿಗುವುದಿಲ್ಲ. ಆಂಧ್ರ ಕ್ಯಾಂಪಿನ ರೈತ ಬಂದ ದಿನವೇ ಭಾರತದ ಪ್ರಜೆ, ಕ್ರಯಪತ್ರ ಕೈಯಲ್ಲಿದ್ದ ಭೂಮಾಲೀಕ. ಪಕ್ಕದ ಕ್ಯಾಂಪಿನವನು ಬಂದ ದಿನ ನಿರಾಶ್ರಿತ.

ಅಳೆಯದೆ ಉಳಿದವರು

ಇಷ್ಟು ದೂರ ಬಂದ ಈ ಅಧ್ಯಯನಕ್ಕೆ ಕರ್ನಾಟಕದಲ್ಲಿ ಇನ್ನೂ ಒಂದು ದೊಡ್ಡ ಕೆಲಸ ಬಾಕಿ ಇದೆ. ನಮ್ಮ ಜನಗಣತಿ ಹುಟ್ಟಿದ ಊರನ್ನೂ, 1971ರ ಗಣತಿಯಿಂದೀಚೆಗೆ ಹಿಂದಿನ ವಾಸಸ್ಥಳವನ್ನೂ ಕೇಳುತ್ತದೆ. ಹೀಗಾಗಿ ಸಿಂಧನೂರಿನಲ್ಲೇ ಹುಟ್ಟಿದ ಎರಡನೆಯ ತಲೆಮಾರು ವಲಸೆಯ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಮಾತೃಭಾಷೆ ಹಿಡಿದು ಹುಡುಕೋಣವೆಂದರೆ ತಲೆತಲಾಂತರದಿಂದ ಇಲ್ಲೇ ಇರುವ ತೆಲುಗರೂ ಅದೇ ಸಂಖ್ಯೆಯಲ್ಲಿ ಸೇರಿಹೋಗುತ್ತಾರೆ. ಎರಡು ಕ್ಯಾಂಪುಗಳ ಮನೆಮನೆಗೆ ಹೋಗಿ ಜಮೀನು, ಸಾಲ, ಓದು, ಮದುವೆ, ಆರೋಗ್ಯಗಳನ್ನು ಒಂದೇ ಪ್ರಶ್ನಾವಳಿಯಲ್ಲಿ ಕೇಳದೆ ಬೇರೆ ದಾರಿಯಿಲ್ಲ. ರಾಯಚೂರು, ಬಳ್ಳಾರಿ, ಕಲಬುರಗಿಯ ವಿಶ್ವವಿದ್ಯಾಲಯಗಳಿಗೆ ಇದು ಕೈಯಳತೆಯ ಕೆಲಸ.

ಆ ಪ್ರಶ್ನಾವಳಿ ಮೂರನೆಯ ಮನೆಗೂ ಹೋಗಬೇಕು. ಕಾಲುವೆ ಬಂದಾಗ ತನ್ನ ಎರೆಹೊಲವನ್ನು ಅಗ್ಗದ ಬೆಲೆಗೆ ಮಾರಿದವನ ಮನೆ ಅದು. ಅಥವಾ ಕಾಲುವೆಯ ಕೊನೆಯಲ್ಲಿ ನೀರಿಗೆ ಕಾದು ಕಾದು ಸೋತವನ ಮನೆ. ಅಥವಾ ಮೊದಲಿಂದಲೂ ಹೊಲವೇ ಇಲ್ಲದೆ ಈಗ ಕ್ಯಾಂಪಿನ ಗದ್ದೆಯಲ್ಲಿ ನಾಟಿ ಹಚ್ಚುವವಳ ಮನೆ. ಹೊರಗಿನವರು ಬಂದು ಸಿರಿವಂತರಾದ ಇದೇ ಜಿಲ್ಲೆಯಿಂದ ಪ್ರತಿವರ್ಷ ಜನ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ವಲಸೆ ಬಂದ ಎರಡು ಸಮುದಾಯಗಳನ್ನು ಹೋಲಿಸುವ ನೂರು ವರ್ಷದ ಸಾಹಿತ್ಯದಲ್ಲಿ ಇವರಿಗೆ ‘ಸ್ಥಳೀಯರು’ ಎಂಬ ಒಂದೇ ಹೆಸರು. ಬಂದವರು ಎಷ್ಟು ಎತ್ತರ ಏರಿದರು ಎಂದು ಅಳೆಯುವ ಕೋಲಾಗಿ ಮಾತ್ರ ಅವರ ಬಳಕೆ. ಬಂದವರ ಗಳಿಕೆಯನ್ನು ಬರೆಯುವ ಪುಟದಲ್ಲೇ ಗುಳೆ ಹೋದವರ ಹೊಲದ ಸರ್ವೆ ನಂಬರನ್ನೂ ಬರೆದು, ಅದು ಈಗ ಯಾರ ಹೆಸರಿನಲ್ಲಿದೆ ಎಂದು ಕೇಳಿದ ದಿನ ಈ ಅಧ್ಯಯನ ನಮ್ಮ ನೆಲದ್ದಾಗುತ್ತದೆ.