ಸೆಲ್ಫ್ ಕೈಕೊಟ್ಟಾಗ ನೆನಪಾದ ಹ್ಯಾಂಡಲ್ಲು

ಹೋದ ತಿಂಗಳು ದೊಡ್ಡಪ್ಪನನ್ನು ಶಿವಗಂಗೆಗೆ ಕರೆದುಕೊಂಡು ಹೋಗಿದ್ದೆ. ಎಂಬತ್ತು ದಾಟಿದವರು, ಮೇಲಿನ ಬಸವನವರೆಗೆ ಹತ್ತುವ ಮಾತೇ ಇಲ್ಲ. ನಿಧಾನಕ್ಕೆ ಕೂತು ಎದ್ದು ಗಂಗಾಧರೇಶ್ವರನ ಗುಡಿ ತನಕ ಹೋಗಿ, ಲಿಂಗದ ಮೇಲೆ ತುಪ್ಪ ಬೆಣ್ಣೆಯಾಗುವುದನ್ನು ನೋಡಿ, ಕೆಳಗಿಳಿದು ಕಾಫಿ ಕುಡಿದು ಬರೋದು ಅಂತ ಲೆಕ್ಕ. ಊರೊಳಗೆ ಗಾಡಿ ನಿಲ್ಲಿಸುವಾಗ ಅವರು ಒಂದು ಮಾತು ಹೇಳಿದರು. "ಲೋ, ತಿರುಗ್ಸಿ ಇಳಿಜಾರಿಗೆ ಮುಖ ಮಾಡಿ ನಿಲ್ಸೋ." ನಾನು ನಕ್ಕೆ. "ಇದು ನಿಮ್ಮ ಕಾಲದ ಲಾರಿ ಅಲ್ಲ ದೊಡ್ಡಪ್ಪ, ಕೀ ತಿರುಗಿಸಿದ್ರೆ ಹೊರಡುತ್ತೆ" ಅಂದೆ.

ಎರಡು ಗಂಟೆ ಬಿಟ್ಟು ಬಂದು ಕೀ ತಿರುಗಿಸಿದೆ. "ಟಕ್" ಅಂತು. ಅಷ್ಟೆ. ಇನ್ನೊಂದು ಸಲ ತಿರುಗಿಸಿದರೆ ಮತ್ತೊಂದು "ಟಕ್". ದೊಡ್ಡಪ್ಪ ಏನೂ ಹೇಳಲಿಲ್ಲ, ಕಿಟಕಿ ಆಚೆ ನೋಡುತ್ತಾ ಕೂತಿದ್ದರು. ಬೈದಿದ್ದರೇ ವಾಸಿಯಿತ್ತು.

ನಮ್ಮದು ಹಳೇ ಡೀಸೆಲ್ ಎಸ್‌ಯುವಿ. ಹದಿನೈದು ವರ್ಷ ದಾಟಿ ಎಫ್‌ಸಿ ಮಾಡಿಸಿ ಓಡಿಸುತ್ತಿರುವುದು, ಮೀಟರು ಮೂರು ಲಕ್ಷ ಕಿಲೋಮೀಟರ್ ಹತ್ತಿರ ಇದೆ. ಯಾವ ಕಂಪನಿಯದ್ದು ಅಂತ ಕೇಳಬೇಡಿ, ಆ ವಯಸ್ಸಿಗೆ ಯಾವ ಕಂಪನಿಯ ಗಾಡಿಯಾದರೂ ಹೀಗೇ ಮಾಡುತ್ತದೆ :) ಹೆಡ್‌ಲೈಟ್ ಹಾಕಿ ನೋಡಿದೆ, ಜೋರಾಗೇ ಉರಿಯುತ್ತಿತ್ತು. ಕೀ ತಿರುಗಿಸಿದರೂ ಮಂಕಾಗಲಿಲ್ಲ. ಬ್ಯಾಟರಿ ಇಳಿದಿದ್ದರೆ "ಟಕಟಕಟಕ" ಅಂತ ಬಡಿದುಕೊಳ್ಳುತ್ತದೆ, ಲೈಟು ಸಾಯುತ್ತದೆ. ಬ್ಯಾಟರಿ ಚೆನ್ನಾಗಿದ್ದು ಒಂದೇ ಒಂದು "ಟಕ್" ಬಂದರೆ ಹೋಗಿರುವುದು ಸೆಲ್ಫು.

ಈ "ಸೆಲ್ಫ್" ಅನ್ನುವ ಪದ ಎಲ್ಲಿಂದ ಬಂತು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಪುಸ್ತಕದಲ್ಲಿ ಅದು ಸ್ಟಾರ್ಟರ್ ಮೋಟರ್. ಆದರೆ ನಮ್ಮ ಯಾವ ಮೆಕ್ಯಾನಿಕ್ಕೂ ಹಾಗೆ ಅನ್ನುವುದಿಲ್ಲ. ಸೆಲ್ಫ್ ಹೊಡೀತಿಲ್ಲ, ಸೆಲ್ಫ್ ಬಿಚ್ಚಬೇಕು, ಸೆಲ್ಫ್ ಕಾರ್ಬನ್ ಹೋಗಿದೆ. ನೂರು ವರ್ಷದ ಹಿಂದಿನ "ಸೆಲ್ಫ್ ಸ್ಟಾರ್ಟರ್" ಅನ್ನುವ ಹೆಸರಿನ ಬಾಲ ಉದುರಿ ತಲೆ ಮಾತ್ರ ಉಳಿದಿದೆ. ಅಂದರೆ, ಯಾರೂ ತಿರುಗಿಸದೆ ತಾನೇ ಶುರುವಾಗುವುದು. ಹಾಗಾದರೆ ಮುಂಚೆ ತಿರುಗಿಸುತ್ತಿದ್ದವರು ಯಾರು?

ಅಂಥವರೊಬ್ಬರು ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದರು. ದೊಡ್ಡಪ್ಪ ಅರವತ್ತರ ದಶಕದ ಶುರುವಿನಲ್ಲಿ, ಹದಿನಾರು ಹದಿನೇಳರ ವಯಸ್ಸಿಗೆ, ಯುದ್ಧದ ಕಾಲದ ಒಂದು ಪೆಟ್ರೋಲ್ ಲಾರಿಗೆ ಕ್ಲೀನರ್ ಆಗಿ ಸೇರಿದವರು. ಬೆಳಗಿನ ಮೊದಲ ಕೆಲಸವೇ ಹ್ಯಾಂಡಲ್ ಹೊಡೆಯುವುದು. ಲಾರಿಯ ಮೂತಿಯ ಕೆಳಗಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ಬಗ್ಗಿ, ಕೆಳಗಿನಿಂದ ಮೇಲಕ್ಕೆ ಒಂದೇ ಏಟಿಗೆ ಎಳೆಯಬೇಕು. ಮೇಲಿಂದ ಕೆಳಕ್ಕೆ ಅದುಮಬಾರದು. ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬಾರದು, ಉಳಿದ ನಾಲ್ಕು ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು. ಯಾಕೆಂದರೆ ಕಿಡಿ ಒಂದು ಚೂರು ಮುಂಚೆ ಹಾರಿದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಸುತ್ತಿಕೊಂಡಿದ್ದರೆ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ.

ಒಂದು ಬೆಳಿಗ್ಗೆ ಅದು ದೊಡ್ಡಪ್ಪನಿಗೂ ಒದೆಯಿತು. ಅವರ ಬಲ ಮಣಿಕಟ್ಟು ಇವತ್ತಿಗೂ ಪೂರ್ತಿ ತಿರುಗುವುದಿಲ್ಲ, ಊಟದ ತುತ್ತು ಎತ್ತುವಾಗ ಮೊಣಕೈಯನ್ನೇ ಎತ್ತುತ್ತಾರೆ. ಚಿಕ್ಕಂದಿನಲ್ಲಿ ಅದು ಅವರ ಸ್ಟೈಲು ಅಂದುಕೊಂಡಿದ್ದೆ. ಮಣಿಕಟ್ಟಿನ ಹತ್ತಿರ, ಹೆಬ್ಬೆರಳಿನ ಕಡೆಯ ಮೂಳೆ ಹೀಗೆ ಮುರಿಯುವುದಕ್ಕೆ ವೈದ್ಯರ ಪುಸ್ತಕದಲ್ಲಿ "ಶೋಫರ್ಸ್ ಫ್ರ್ಯಾಕ್ಚರ್" ಅಂತಲೇ ಹೆಸರಿದೆ. ಡ್ರೈವರನ ಮುರಿತ! ಹ್ಯಾಂಡಲ್ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಮೂಳೆ ಡಾಕ್ಟರುಗಳ ಬಾಯಲ್ಲಿ ಉಳಿದುಕೊಂಡಿದೆ.

ಸೆಲ್ಫ್ ಹುಟ್ಟಿದ ಕಥೆಯಲ್ಲೂ ಒಂದು ಹ್ಯಾಂಡಲ್ ಏಟು ಇದೆ. ಅಮೆರಿಕದಲ್ಲಿ ಬೈರನ್ ಕಾರ್ಟರ್ ಅಂತ ಒಬ್ಬ ಕಾರು ತಯಾರಕ ಇದ್ದ. ಡೆಟ್ರಾಯಿಟ್ ಹತ್ತಿರದ ಸೇತುವೆಯೊಂದರ ಮೇಲೆ ಒಬ್ಬ ಹೆಂಗಸಿನ ಕ್ಯಾಡಿಲಾಕ್ ಕಾರು ನಿಂತುಹೋಗಿತ್ತಂತೆ. ಸಹಾಯ ಮಾಡಲು ಈತ ಹ್ಯಾಂಡಲ್ ಹೊಡೆದ, ಅದು ಒದ್ದು ದವಡೆ ಮುರಿಯಿತು, ಅದರಿಂದಲೇ ಸತ್ತ. ಅವನ ಸ್ನೇಹಿತ, ಕ್ಯಾಡಿಲಾಕ್‌ನ ಹೆನ್ರಿ ಲೆಲಂಡ್, ಇನ್ನು ನನ್ನ ಕಾರು ಯಾರನ್ನೂ ಕೊಲ್ಲಬಾರದು ಅಂತ ಶಪಥ ಮಾಡಿದ. ಎಲ್ಲ ಕಡೆ ಹೇಳುವ ಕಥೆ ಇದು. ಆದರೆ ಬಹಳಷ್ಟು ಕಡೆ ಈ ಘಟನೆಗೆ 1910ರ ಚಳಿಗಾಲ ಅಂತ ಕಾಲ ಕೊಡುತ್ತಾರೆ. ಕಾರ್ಟರ್ ತೀರಿಕೊಂಡಿದ್ದು 1908ರಲ್ಲಿ. ತಾರೀಖಿಗೂ ಕಥೆಗೂ ತಾಳ ಕೂಡುವುದಿಲ್ಲ.

ಇದನ್ನು ಓದುವಾಗ ನನಗೆ ಶಿವಗಂಗೆಯೇ ನೆನಪಾಗುತ್ತದೆ. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅನ್ನುವುದಕ್ಕೆ ಶ್ರವಣಬೆಳಗೊಳದ ಶಾಸನವೇ ಇದೆ. ಹೇಗೆ ಅನ್ನುವುದನ್ನು ಶಾಸನ ಹೇಳುವುದಿಲ್ಲ. ಆದರೆ ಬೆಟ್ಟಕ್ಕೆ ಹೋದರೆ ಇಲ್ಲಿಂದಲೇ ಹಾರಿದಳು ಅಂತ ಬಂಡೆ ತೋರಿಸುತ್ತಾರೆ. ದಾಖಲೆ ಬಾಯಿ ಮುಚ್ಚಿದ ಕಡೆ ಜನ ಬಾಯಿ ತೆರೆಯುತ್ತಾರೆ, ಹೊಯ್ಸಳರ ಕಾಲಕ್ಕೂ ಅಷ್ಟೆ, ಡೆಟ್ರಾಯಿಟ್‌ಗೂ ಅಷ್ಟೆ.

ಕಥೆ ಏನೇ ಇರಲಿ, ಲೆಲಂಡ್ ಈ ಕೆಲಸವನ್ನು ಒಪ್ಪಿಸಿದ್ದು ಚಾರ್ಲ್ಸ್ ಕೆಟರಿಂಗ್ ಅನ್ನುವ ಎಂಜಿನಿಯರಿಗೆ. ಕರೆಂಟಿನಿಂದ ಎಂಜಿನ್ ತಿರುಗಿಸುವ ಯೋಚನೆ ಹೊಸದೇನಲ್ಲ, ಆ ಮುಂಚೆಯೇ ಪೇಟೆಂಟ್ ಪಡೆದವರಿದ್ದರು. ತೊಡಕು ಏನೆಂದರೆ, ಎಂಜಿನ್ ತಿರುಗಿಸುವಷ್ಟು ಶಕ್ತಿಯ ಮೋಟರು ಬೇಕೆಂದರೆ ಅದೇ ಒಂದು ಎಂಜಿನ್ನಿನಷ್ಟು ದೊಡ್ಡದಾಗುತ್ತದೆ ಅಂತ ತಿಳಿದವರೆಲ್ಲ ಹೇಳುತ್ತಿದ್ದರು. ಕೆಟರಿಂಗ್ ಅದಕ್ಕೆ ಮುಂಚೆ ಡೇಟನ್ ಊರಿನ ಕಂಪನಿಯೊಂದರಲ್ಲಿ ಅಂಗಡಿಗಳ ಗಲ್ಲಾಪೆಟ್ಟಿಗೆ ಯಂತ್ರಕ್ಕೆ ವಿದ್ಯುತ್ ಮೋಟರು ಕೂರಿಸಿದ್ದವನು. ಗಲ್ಲಾಪೆಟ್ಟಿಗೆಯ ಮೋಟರು ದಿನವಿಡೀ ಓಡುವುದಿಲ್ಲ. ಗಿರಾಕಿ ಬಂದಾಗ ಒಂದು ಕ್ಷಣ ಜೋರಾಗಿ ತಿರುಗಿ ಆಮೇಲೆ ಸುಮ್ಮನಿರುತ್ತದೆ. ಕಾರಿಗೂ ಬೇಕಿರುವುದು ಅಷ್ಟೇ ತಾನೆ? ಪುಟ್ಟ ಮೋಟರಿಗೆ ಅದರ ಯೋಗ್ಯತೆ ಮೀರಿ ಕರೆಂಟು ಕೊಡು, ಅದು ಸುಟ್ಟುಹೋಗುವ ಮುಂಚೆ ಎಂಜಿನ್ ಹತ್ತಿಕೊಂಡಿರುತ್ತದೆ. 1911ರ ಫೆಬ್ರುವರಿಯಲ್ಲಿ ಅವನು ಇದನ್ನು ಮಾಡಿ ತೋರಿಸಿದ. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಸೆಲ್ಫ್ ಬಂತು.

ಕೀಯನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದುಕೊಳ್ಳಬೇಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ ಅಂತ ಹೇಳುತ್ತಾರಲ್ಲ, ಅದು ಸುಮ್ಮನೆ ಹೇಳುವ ಮಾತಲ್ಲ. ಡೀಸೆಲ್ ಗಾಡಿಯ ಸೆಲ್ಫು ಆ ಒಂದೆರಡು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಕುಡಿಯುತ್ತದೆ. ಸಾಲ ತಂದು ಮದುವೆ ಮಾಡಿದ ಹಾಗೆ, ಬೇಗ ಮುಗಿಯಬೇಕು.

ಇನ್ನೊಂದು ತಮಾಷೆ. ಆ ಕಾಲದ ಅಮೆರಿಕದಲ್ಲಿ ಹ್ಯಾಂಡಲ್ ಹೊಡೆಯುವ ರಗಳೆ ಬೇಡ ಅನ್ನುವವರು ಬ್ಯಾಟರಿ ಕಾರು ಕೊಳ್ಳುತ್ತಿದ್ದರು. ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದೂ ಗಂಡನ ಫೋರ್ಡ್ ಅಲ್ಲ, ಡೆಟ್ರಾಯಿಟ್ ಎಲೆಕ್ಟ್ರಿಕ್! ಸೆಲ್ಫ್ ಬಂದ ಮೇಲೆ ಬ್ಯಾಟರಿ ಕಾರಿಗಿದ್ದ ಆ ಅನುಕೂಲವೇ ಹೋಯಿತು. ನೂರು ವರ್ಷ ಕಳೆದು ಈಗ ಮತ್ತೆ ಬ್ಯಾಟರಿ ಕಾರುಗಳು ಬಂದಿವೆ, ಅವುಗಳಲ್ಲಿ ಸೆಲ್ಫೇ ಇಲ್ಲ. ಫೋರ್ಡನ ಅಗ್ಗದ ಮಾಡೆಲ್ ಟಿ ಕಾರಿಗೆ ಸೆಲ್ಫ್ ಸಿಕ್ಕಿದ್ದು 1919ರಲ್ಲಿ. ದುಡ್ಡಿದ್ದವರ ಮಣಿಕಟ್ಟು ಮೊದಲು ಉಳಿಯಿತು ಅನ್ನಿ.

ನಮ್ಮಲ್ಲಿ ಸೆಲ್ಫ್ ಬಂದ ಮೇಲೂ ಹ್ಯಾಂಡಲ್ ಹೋಗಲಿಲ್ಲ. ಜೀಪಿಗೂ ಇತ್ತು, ಹಳೇ ಅಂಬಾಸಿಡರಿಗೂ ಇತ್ತು. ಬ್ಯಾಟರಿಗೆ ದುಡ್ಡು ಹಾಕಲಾಗದ ಓನರು, ಕಾರ್ಬನ್ ಸವೆದ ಸೆಲ್ಫು, ಕೈಯಲ್ಲಿ ಹ್ಯಾಂಡಲ್ ಹಿಡಿದ ಕ್ಲೀನರ್ ಹುಡುಗ... ಇದೇ ನಮ್ಮ ಲಾರಿ ಬಸ್ಸುಗಳ ಇತಿಹಾಸ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು ಅಂತ ದಾಖಲೆಯಲ್ಲಿದೆ. ಬೆಳಿಗ್ಗೆ ಹ್ಯಾಂಡಲ್ ಹೊಡೆದ ಹುಡುಗರ ಲೆಕ್ಕ ಎಲ್ಲೂ ಇಲ್ಲ.

ಹ್ಯಾಂಡಲ್ ನಿಜವಾಗಿ ಮರೆಯಾಗಿದ್ದು ಎರಡು ಕಾರಣಕ್ಕೆ. ಒಂದು 1983ರಲ್ಲಿ ಬಂದ ಮಾರುತಿ 800. ಅದರ ಎಂಜಿನ್ ಅಡ್ಡಲಾಗಿ ಕೂತಿತ್ತು, ಮುಂದಿನಿಂದ ಹ್ಯಾಂಡಲ್ ತೂರಿಸಲು ದಾರಿಯೇ ಇಲ್ಲ. ಇನ್ನೊಂದು ಡೀಸೆಲ್. ಪೆಟ್ರೋಲ್ ಎಂಜಿನ್ ಗಾಳಿಯನ್ನು ಎಂಟೊಂಬತ್ತು ಪಟ್ಟು ಅದುಮಿದರೆ ಹಳೇ ಡೀಸೆಲ್ ಎಂಜಿನ್ ಇಪ್ಪತ್ತು ಪಟ್ಟು ಅದುಮುತ್ತಿತ್ತು. ಅದನ್ನು ಕೈಯಲ್ಲಿ ತಿರುಗಿಸುವವನು ಭೀಮನೇ ಆಗಬೇಕು. ತೋಟದ ಬಾವಿಯ ಆಯಿಲ್ ಎಂಜಿನ್ನು ಕೂಡ ಡೀಸೆಲ್ಲೇ ಅಲ್ಲವಾ ಅಂತ ಕೇಳಬಹುದು. ಹೌದು, ಆದರೆ ಅದಕ್ಕೆ ತಲೆಯ ಮೇಲೊಂದು ಲಿವರ್ ಇರುತ್ತದೆ. ಅದನ್ನೆತ್ತಿದರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಹಗುರಾಗಿ ಜೋರಾಗಿ ತಿರುಗಿಸಿ, ವೇಗ ಬಂದ ಮೇಲೆ ಲಿವರ್ ಬಿಟ್ಟರೆ ಡುಗ್ ಡುಗ್ ಡುಗ್. ನಾಲ್ಕು ಸಿಲಿಂಡರಿನ ಗಾಡಿಗೆ ಅಂಥ ಅನುಕೂಲ ಇಲ್ಲ. 1994ರಲ್ಲಿ ಸುಮೋ, 2000ದಲ್ಲಿ ನಮ್ಮ ಬಿಡದಿಯಲ್ಲೇ ತಯಾರಾದ ಕ್ವಾಲಿಸ್, 2002ರಲ್ಲಿ ಸ್ಕಾರ್ಪಿಯೋ ಹೀಗೆ ದೊಡ್ಡ ಡೀಸೆಲ್ ಗಾಡಿಗಳು ಮನೆಮನೆಗೆ, ಕಾಲ್ ಸೆಂಟರ್ ಕ್ಯಾಬುಗಳಿಗೆ ಬಂದಾಗ ಎಲ್ಲ ಭಾರವನ್ನೂ ಸೆಲ್ಫ್ ಒಂದರ ತಲೆಯ ಮೇಲೆ ಹಾಕಿದೆವು. ಈಗ ಹಲವು ಬೈಕುಗಳಿಗೆ ಕಿಕ್ಕರ್ ಕೂಡ ಇಲ್ಲ.

ಹೀಗಾಗಿ ಶಿವಗಂಗೆಯಲ್ಲಿ ನನಗೆ ಉಳಿದಿದ್ದ ದಾರಿ ಒಂದೇ, ತಳ್ಳುವುದು. ಕೀ ಆನ್ ಮಾಡಿ, ಸೆಕೆಂಡ್ ಗೇರು ಹಾಕಿ, ಕ್ಲಚ್ ಒತ್ತಿ ಹಿಡಿದು, ವೇಗ ಬಂದ ಮೇಲೆ ಕ್ಲಚ್ ಬಿಡುವುದು. (ಆಟೋಮ್ಯಾಟಿಕ್ ಗೇರಿನ ಗಾಡಿಗೆ ಇದು ಆಗದು.) ಆದರೆ ಗಾಡಿಯ ಮೂತಿ ಏರಿನ ಕಡೆಗಿತ್ತು! ಕಾಫಿ ಅಂಗಡಿಯ ಇಬ್ಬರು ಹುಡುಗರು, ಬೆಟ್ಟ ಇಳಿದು ಬಂದ ನಾಲ್ಕು ಜನ ಕಾಲೇಜು ಹುಡುಗರು ಕೈ ಹಾಕಿದರು. ಎರಡು ಟನ್ ಹತ್ತಿರದ ಗಾಡಿ ಒಂದು ಮಾರು ಏರಿ ಮತ್ತೆ ವಾಪಸ್ ಬಂತು.

ಆಗ ದೊಡ್ಡಪ್ಪ ಬಾಯಿ ಬಿಟ್ಟರು. "ವೀಲ್ ಸ್ಪ್ಯಾನರ್ ಕೊಡೋ ಆ ಹುಡುಗನ ಕೈಗೆ." ಗೇರು ನ್ಯೂಟ್ರಲ್ ಮಾಡಿಸಿದರು, ಹ್ಯಾಂಡ್ ಬ್ರೇಕ್ ಎಳೆಸಿದರು, ನಾಲ್ಕು ಚಕ್ರಕ್ಕೂ ಕಲ್ಲು ಕೊಡಿಸಿದರು. "ಎಂಜಿನ್ ಪಕ್ಕ, ಗೇರ್‌ಬಾಕ್ಸ್ ಹತ್ರ ದಪ್ಪ ವೈರ್ ಹೋಗಿರೋ ಡಬ್ಬ ಕಾಣುತ್ತಾ? ವೈರ್‌ಗೆ ತಾಗಿಸ್ಬೇಡ, ಮೈಗೆ ಮೆಲ್ಲಗೆ ತಟ್ಟು. ನೀನು ಕೀ ಹಿಡ್ಕೋ." ಮೂರನೇ ತಟ್ಟಿಗೆ ಗರ್ ಅಂತ ಎದ್ದಿತು. ಹುಡುಗರು ಚಪ್ಪಾಳೆ ಹೊಡೆದರು, ದೊಡ್ಡಪ್ಪನಿಗೆ ಗಂಗಾಧರೇಶ್ವರನ ದರ್ಶನಕ್ಕಿಂತ ಇದೇ ಹೆಚ್ಚು ಖುಷಿಯಾದ ಹಾಗೆ ಕಂಡಿತು.

ಎಂಜಿನ್ ಆಫ್ ಮಾಡದೆ ದಾಬಸ್‌ಪೇಟೆಗೆ ಬಂದು ಹೆದ್ದಾರಿ ಪಕ್ಕದ ಎಲೆಕ್ಟ್ರಿಷಿಯನ್ ಅಂಗಡಿ ಮುಂದೆ ನಿಲ್ಲಿಸಿದೆವು. ಬೋರ್ಡಿನ ಮೇಲೆ "ಸೆಲ್ಫ್, ಡೈನಮೋ ರಿಪೇರಿ ಮಾಡಲಾಗುವುದು" ಅಂತಿತ್ತು. ಕಾರುಗಳಲ್ಲಿ ಡೈನಮೋ ಹೋಗಿ ಆಲ್ಟರ್ನೇಟರ್ ಬಂದು ಯಾವ ಕಾಲವಾಯಿತೋ! ಆತ ಸೆಲ್ಫ್ ಬಿಚ್ಚಿ ಹಲ್ಲಿನ ಚಕ್ರ ತೋರಿಸಿ "ಬೆಂಡಿಕ್ಸ್ ಚೆನ್ನಾಗಿದೆ ಸಾರ್" ಅಂದ. ವಿನ್ಸೆಂಟ್ ಬೆಂಡಿಕ್ಸ್ ಅಮೆರಿಕದವನು, 1910ರ ದಶಕದಲ್ಲಿ ಒಂದು ಉಪಾಯ ಹೂಡಿದ. ಮೋಟರಿನ ದಂಡಕ್ಕೆ ಸ್ಕ್ರೂ ಮರೆ ಕೊಟ್ಟು ಹಲ್ಲಿನ ಚಕ್ರವನ್ನು ಅದರ ಮೇಲೆ ಕೂರಿಸಿದ. ಮೋಟರು ತಿರುಗಿದೊಡನೆ ಚಕ್ರ ಮುಂದೆ ಜಾರಿ ಎಂಜಿನ್ನಿನ ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ಎಂಜಿನ್ ಹತ್ತಿಕೊಂಡ ಕೂಡಲೇ ತಾನಾಗಿ ಹಿಂದಕ್ಕೆ ಬರುತ್ತದೆ. ಈಗಿನ ಸೆಲ್ಫುಗಳಲ್ಲಿ ಆ ಕೆಲಸ ಸೊಲೆನಾಯ್ಡ್ ಮಾಡುತ್ತದೆ, ಅವನ ಸ್ಕ್ರೂ ಇಲ್ಲ. ಆದರೂ ದಾಬಸ್‌ಪೇಟೆಯಲ್ಲಿ ಅವನ ಹೆಸರು ನಡೆಯುತ್ತಿದೆ.

ಹೋಗಿದ್ದು ಕಾರ್ಬನ್. ಎರಡು ಚೂರು ಬೆರಳ ಉಗುರಿನಷ್ಟು ಸವೆದು, ಆರ್ಮೇಚರಿಗೆ ತಾಗದೆ ನಿಂತುಬಿಟ್ಟಿದ್ದವು. ತಟ್ಟಿದಾಗ ಅದುರಿ ಒಂದು ಸಲ ತಾಗಿದ್ದವು ಅಷ್ಟೆ. ಜೊತೆಗೆ ಒಂದು ಬುಶ್ ಸಡಿಲವಾಗಿತ್ತು, ಸೊಲೆನಾಯ್ಡಿನೊಳಗಿನ ತಾಮ್ರದ ಕಾಂಟ್ಯಾಕ್ಟು ಸುಟ್ಟು ಕಪ್ಪಾಗಿತ್ತು. ಹೊಸ ಸೆಲ್ಫ್ ಹಾಕಿ ಅಂತ ಆತ ಹೇಳಲಿಲ್ಲ, ನನಗೆ ಅದು ದೊಡ್ಡದಾಗಿ ಕಂಡಿತು. ಮೂರನ್ನೂ ಬದಲಿಸಿ, ಗಾಡಿ ಮೈಯಿಗೆ ಬರುವ ಅರ್ಥ್ ವೈರಿನ ತುಕ್ಕು ಉಜ್ಜಿ ಬಿಗಿದುಕೊಟ್ಟ.

ಅಷ್ಟು ಹೊತ್ತೂ ದೊಡ್ಡಪ್ಪ ಸ್ಟೂಲಿನ ಮೇಲೆ ಕೂತು, ಆ ಸವೆದ ಕಾರ್ಬನ್ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. "ಇಷ್ಟೇನಾ?" ಅಂದರು.

"ಇಷ್ಟೇ ತಾತ" ಅಂದ ಆತ. "ಮುಂಚೆ ಇದು ಹೋದ್ರೆ ಏನ್ ಮಾಡ್ತಿದ್ರಿ?"

ದೊಡ್ಡಪ್ಪ ಬಲಗೈ ಎತ್ತಿ ಮಣಿಕಟ್ಟು ತೋರಿಸಿದರು. ಆತನಿಗೆ ಅರ್ಥವಾಗಲಿಲ್ಲ. ಕೈ ನೋವಿರಬೇಕು ಅಂದುಕೊಂಡು, ಒಳಗೆ ಕುಡಿಯಲು ನೀರು ತರಲು ಹೋದ.