ಚೆನ್ನೈನ ವಸ್ತುಸಂಗ್ರಹಾಲಯಗಳು: ಗಡಿನಾಡಿನ ಮಕ್ಕಳಿಗೆ ಅಲ್ಲಿ ಏನಿದೆ?

ಚೆನ್ನೈನ ಎಗ್ಮೋರಿನಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯವು 1851ರಲ್ಲಿ ಸ್ಥಾಪನೆಗೊಂಡಿತು. ವೈದ್ಯ ಎಡ್ವರ್ಡ್ ಬಾಲ್ಫರ್ ಅದರ ಮೊದಲ ಅಧಿಕಾರಿ. ಅಂದು ಅದು ಮದರಾಸು ಪ್ರಾಂತ್ಯದ ಸಂಗ್ರಹಾಲಯ. ಕಾಸರಗೋಡನ್ನು ಒಳಗೊಂಡಿದ್ದ ದಕ್ಷಿಣ ಕನ್ನಡ, ನೀಲಗಿರಿ, ಹೊಸೂರು, ತಾಳವಾಡಿ, ಆದೋನಿ, ರಾಯದುರ್ಗಗಳೆಲ್ಲ ಆ ಪ್ರಾಂತ್ಯಕ್ಕೇ ಸೇರಿದ್ದವು. ಆದುದರಿಂದ ಅಲ್ಲಿನ ಸಂಗ್ರಹವನ್ನು ಇಂದಿನ ರಾಜ್ಯಗಳ ಗಡಿಗೆರೆಯಿಂದ ಅಳೆಯಲಾಗದು.

ಉದಾಹರಣೆಗೆ, ಮಕ್ಕಳನ್ನು ಬೆರಗುಗೊಳಿಸುವ ತಿಮಿಂಗಿಲದ ಅಸ್ಥಿಪಂಜರವನ್ನೇ ನೋಡಬಹುದು. ಸುಮಾರು 60 ಅಡಿ ಉದ್ದದ ಆ ಜೀವಿ 1874ರಲ್ಲಿ ಮಂಗಳೂರಿನ ಕಡಲ ತಡಿಗೆ ಬಂದು ಬಿದ್ದುದು. ನೀಲಗಿರಿಯ ಮೊದಲ ಕಮಿಷನರ್ ಜೇಮ್ಸ್ ಬ್ರೀಕ್ಸ್ ಅಲ್ಲಿನ ಪ್ರಾಚೀನ ಸಮಾಧಿಗಳಿಂದ ಕಲೆಹಾಕಿದ ಮಣ್ಣಿನ ಪಾತ್ರೆಗಳೂ ಈ ಸಂಗ್ರಹಾಲಯವನ್ನು ಸೇರಿವೆ. ಅಮರಾವತಿ ಸ್ತೂಪದ ಶಿಲ್ಪಗಳು ಮತ್ತು ಚೋಳರ ಕಾಲದ ಕಂಚಿನ ವಿಗ್ರಹಗಳು ಜಗತ್ಪ್ರಸಿದ್ಧ. ತಿರುವಾಲಂಗಾಡಿನ ನಟರಾಜನ ಎದುರು ಅವಸರ ಮಾಡದೆ ನಿಲ್ಲಬೇಕು.

ಸಂತ ಜಾರ್ಜ್ ಕೋಟೆಯ ಸಂಗ್ರಹಾಲಯ (1948) ಬೇರೆಯೇ ಬಗೆಯದು. 1947ರ ಆಗಸ್ಟ್ 15ರಂದು ಆ ಕೋಟೆಯ ಮೇಲೆ ಹಾರಿಸಿದ ರಾಷ್ಟ್ರಧ್ವಜ ಅಲ್ಲಿದೆ. ಕಾರ್ನ್‌ವಾಲಿಸನ ಬೃಹತ್ ಪ್ರತಿಮೆಯ ಪೀಠದಲ್ಲಿ, 1792ರ ಒಪ್ಪಂದದಂತೆ ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ದೃಶ್ಯ ಕೆತ್ತಲ್ಪಟ್ಟಿದೆ. ಗೆದ್ದವರು ಚರಿತ್ರೆಯನ್ನು ಹೇಗೆ ಕಲ್ಲಿಗಿಳಿಸುತ್ತಾರೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ನನಗೆ ದೊರೆತಿಲ್ಲ.

ನಗರದ ದಕ್ಷಿಣಕ್ಕೆ ಮುಟ್ಟುಕಾಡಿನಲ್ಲಿರುವ ದಕ್ಷಿಣಚಿತ್ರ (1996) ಮನೆಗಳ ಸಂಗ್ರಹಾಲಯ. ದಕ್ಷಿಣ ಭಾರತದ ಬೇರೆಬೇರೆ ಊರುಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮರಳಿ ಕಟ್ಟಲಾಗಿದೆ. ಕರ್ನಾಟಕದ ವಿಭಾಗದಲ್ಲಿ ಇಳಕಲ್ಲಿನ ನೇಕಾರರ ಮನೆಯಿದೆ. ಚಿಕ್ಕ ಮಕ್ಕಳಿಗೆ ಗಾಜಿನ ಪೆಟ್ಟಿಗೆಗಳಿಗಿಂತ ಇದೇ ಹಿಡಿಸುತ್ತದೆ. ಯಂತ್ರಗಳಲ್ಲಿ ಆಸಕ್ತಿಯಿರುವವರಿಗೆ ಪೆರಂಬೂರಿನ ರೈಲು ಸಂಗ್ರಹಾಲಯವುಂಟು.

ಎಗ್ಮೋರ್ ಮತ್ತು ಕೋಟೆಯ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ, ದಕ್ಷಿಣಚಿತ್ರಕ್ಕೆ ಮಂಗಳವಾರ. (ಇದನ್ನು ವಿಚಾರಿಸದೆ ಹೊರಟು, ಮುಚ್ಚಿದ ಬಾಗಿಲ ಮುಂದೆ ಮಕ್ಕಳೊಡನೆ ಬುತ್ತಿ ಬಿಚ್ಚಿದ ಅನುಭವ ನನಗಿದೆ.)

ಎಗ್ಮೋರಿನ ವಿವರಫಲಕಗಳು ತಮಿಳು ಮತ್ತು ಇಂಗ್ಲಿಷಿನಲ್ಲಿವೆ. ಜೊತೆಗೆ ಹೋದವರು ಹೇಳದಿದ್ದರೆ, ಕನ್ನಡ ಮಾಧ್ಯಮದ ಮಗು ತನ್ನದೇ ಕರಾವಳಿಯ ತಿಮಿಂಗಿಲವನ್ನು ಯಾವುದೋ ದೇಶದ್ದೆಂದುಕೊಂಡು ದಾಟಿಹೋಗುತ್ತದೆ. ಪ್ರವಾಸಕ್ಕೆ ಮುನ್ನ ಹತ್ತು ವಸ್ತುಗಳನ್ನು ಆರಿಸಿ, ಅವುಗಳ ವಿವರವನ್ನು ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಚೀಟಿಗಳ ಮೇಲೆ ಬರೆಸಿ ಒಯ್ಯುವುದು ನಮ್ಮ ತರಗತಿಯ ರೂಢಿ. ಆಯಾ ವಸ್ತುವಿನ ಮುಂದೆ ಆಯಾ ಚೀಟಿ ಬರೆದ ಮಗುವೇ ಅದನ್ನು ಓದಿ ಹೇಳುತ್ತದೆ.